ಒಂಬತ್ತನೇ ನಿಯಮ

ನಗ್ತಿದ್ದೀರಾ? ನಗಿ, ನಗಿ. ಮೂಗಲ್ಲಿ ಒಂದು ಉಸಿರು ಬಿಟ್ರಲ್ಲ ಈಗ, ಅದೂ ನಗುನೇ. ಮೂವತ್ತೆಂಟು ವರ್ಷ ಆಪರೇಷನ್ ಥಿಯೇಟರ್‌ನಲ್ಲಿ ಮಾಸ್ಕ್ ಕಟ್ಕೊಂಡಿರೋ ಮುಖಗಳ ಮಧ್ಯೆ ಕತ್ತರಿ ಹಿಡಿದವನು ನಾನು. ಬಾಯಿ ಮುಚ್ಚಿದ್ರೂ ಯಾರು ನಕ್ರು, ಯಾರು ಒಳಗೊಳಗೇ ಬೈಕೊಂಡ್ರು, ಎಲ್ಲಾ ಗೊತ್ತಾಗತ್ತೆ ನಂಗೆ. ಕುರ್ಚಿ ಸ್ವಲ್ಪ ಮುಂದಕ್ಕೆ ಎಳ್ಕೊಳ್ಳಿ ಡಾಕ್ಟ್ರೇ. ಹಾಂ... ಅಷ್ಟು ಸಾಕು.

ಏನು ಕೇಳ್ತಿದ್ದೆ ನಾನು? ಹಾಂ, ಈ ಆಸ್ಪತ್ರೆ ಯಾರದು ಅಂತ. ಸರ್ಕಾರದ್ದು ಅಂತೀರಿ. ಜನರದ್ದು ಅಂತೀರಿ, ಭಾಷಣದಲ್ಲಿ ನಾನೂ ಹಾಗೇ ಹೇಳೋದು. ಆದ್ರೆ ಬಾಗಿಲು? ಬಾಗಿಲು ಯಾರದು? ನಿಮ್ಮ ಹತ್ರ ಡಿಗ್ರಿ ಇದೆ, ವೈದ್ಯ ಪರಿಷತ್ತಿನ ನೋಂದಣಿ ಇದೆ, ಚೌಕಟ್ಟು ಹಾಕಿಸಿ ಮನೇಲಿ ಗೋಡೆಗೆ ನೇತುಹಾಕಿದ್ದೀರಿ, ಸಂತೋಷ. ಅದಿದ್ರೆ ನೀವು ಡಾಕ್ಟರ್. ಆದ್ರೆ ನಮ್ಮ ಥಿಯೇಟರ್ ಹೊಸ್ತಿಲು ದಾಟ್ಬೇಕಾದ್ರೆ ನಮ್ಮ ಅನುಮತಿ ಪತ್ರ ಬೇಕು. ಎರಡು ವರ್ಷಕ್ಕೊಂದ್ಸಲ ಆಡಳಿತ ಮಂಡಳಿ ಕೊಡೋದು, ಸೂಪರಿಂಟೆಂಡೆಂಟ್ ಹೇಳಿದ್ರೆ ಕೊಡೋದು. ಆ ಸೂಪರಿಂಟೆಂಡೆಂಟ್ ಯಾರು? ನಿಮ್ಮೆದುರಿಗೆ ಕೂತಿರೋ ಈ ಮುದುಕ.

ಗೊತ್ತಿದೆ ಅಂತೀರಿ. ಗೊತ್ತಿರೋದನ್ನ ಇನ್ನೊಂದ್ಸಲ ಹೇಳಿದ್ರೆ ಗಂಟೇನು ಹೋಗಲ್ಲ. ನೀವು ಬರೋದಕ್ಕೆ ಮುಂಚೆ ಇಲ್ಲೊಬ್ರು ಮೂಳೆ ಡಾಕ್ಟರ್ ಇದ್ರು. ಅವರ ಅನುಮತಿ ನಾವು ಮುಂದುವರಿಸ್ಲಿಲ್ಲ. ಸೀದಾ ಕೋರ್ಟ್ ಮೆಟ್ಟಿಲು ಹತ್ತಿದ್ರು. ನ್ಯಾಯಾಧೀಶರು ಏನಂದ್ರು? ಸಾರ್ವಜನಿಕ ಆಸ್ಪತ್ರೇಲಿ ಕೆಲಸ ಮಾಡೋದು ಯಾವ ಡಾಕ್ಟರ್‌ಗೂ ಹುಟ್ಟಿನಿಂದ ಬಂದ ಹಕ್ಕಲ್ಲ. ಯಾರು ಯೋಗ್ಯರು, ಯಾರು ಅಲ್ಲ ಅಂತ ತೂಗಿ ನೋಡೋದು ಆಸ್ಪತ್ರೆಗೆ ಬಿಟ್ಟದ್ದು. ಅಷ್ಟೇ! ಮೂಳೆ ಡಾಕ್ಟರ್ ಮೂಳೆ ಮುರ್ಕೊಂಡು ಮನೆಗೆ ಹೋದ್ರು... ಏನಂದ್ರಿ? ತೀರ್ಪಿನ ಎರಡನೇ ಭಾಗವಾ? ಓಹೋ, ಅದನ್ನೂ ಓದ್ಕೊಂಡೇ ಬಂದಿದೀರಿ. ಜಾಣೆ. ಹೌದಮ್ಮ, ಅದೂ ಇದೆ. ಸರ್ಕಾರಿ ಆಸ್ಪತ್ರೆ ಅಂದ್ಮೇಲೆ ಮನಸ್ಸಿಗೆ ಬಂದ ಹಾಗೆ ಬಾಗಿಲು ಹಾಕೋ ಹಾಗಿಲ್ಲ. ಕಾರಣ ಬರೀಬೇಕು, ನೋಟಿಸ್ ಕೊಡ್ಬೇಕು, ಆ ಡಾಕ್ಟರ್ ಮಾತು ಕೇಳ್ಬೇಕು. ಕೇಳ್ತೀವಿ! ಕೇಳೋದಕ್ಕೇ ತಾನೆ ನಿಮ್ಮನ್ನ ಊಟಾನೂ ಬಿಡಿಸಿ ಕರೆಸಿದ್ದು?

ಇಲ್ನೋಡಿ. ಮೇಜಿನ ಮೇಲೆ ಎರಡು ಕಾಗದ ಇದೆ. ಎಡಗಡೆದು ನಿಮ್ಮ ಪತ್ರ. ಅಂದ್ರೆ ನೀವು ಬರೆದದ್ದಲ್ಲ, ನಮ್ಮ ಗುಮಾಸ್ತ ಟೈಪ್ ಮಾಡಿದ್ದು, ನೀವು ಸಹಿ ಮಾಡೋದು. ‘ಸ್ವಂತ ಕಾರಣಗಳಿಂದ ನನ್ನ ಅನುಮತಿಯನ್ನು ಹಿಂದಿರುಗಿಸುತ್ತಿದ್ದೇನೆ.’ ಒಂದೇ ಸಾಲು. ಬಲಗಡೆದು ನನ್ನ ಆದೇಶ, ಒಂಬತ್ತನೇ ನಿಯಮದ ಕೆಳಗೆ. ರೋಗಿಗಳ ಜೀವಕ್ಕೆ ಅಪಾಯ ಅನ್ನಿಸಿದ್ರೆ ಯಾವ ಡಾಕ್ಟರನ್ನಾದ್ರೂ ಸೂಪರಿಂಟೆಂಡೆಂಟ್ ಆ ಕ್ಷಣವೇ ಥಿಯೇಟರಿಂದ ಹೊರಗೆ ಹಾಕ್ಬಹುದು. ಹದಿನಾಲ್ಕು ದಿನದೊಳಗೆ ಮಂಡಳಿ ಮುಂದೆ ವಿಚಾರಣೆ... ಕಾಗದ ಸರಿಸ್ತಿದ್ದೀರಾ? ಸರಿಸ್ಬೇಡಿ! ಇದ್ದಲ್ಲೇ ಇರ್ಲಿ. ಎಡಗಡೆದು ಎಡಗಡೆ, ಬಲಗಡೆದು ಬಲಗಡೆ. ...ಕ್ಷಮಿಸಿ, ದನಿ ಜೋರಾಯ್ತು. ನಂಗೆ ಎಲ್ಲಾ ಜೋಡಿಸಿಟ್ಟ ಹಾಗೇ ಇರ್ಬೇಕು. ಸರ್ಜನ್‌ಗಳ ಹುಚ್ಚು.

ಒಂಬತ್ತನೇ ನಿಯಮ ಬರೆದದ್ದೂ ನಾನೇ ಅಂತ ಗೊತ್ತಾ? ಇಪ್ಪತ್ತೆಂಟು ವರ್ಷದ ಹಿಂದೆ. ಒಬ್ಬ ಸರ್ಜನ್ ಬೆಳಗಾಗೆದ್ದು ಕುಡಿದು ಬರ್ತಿದ್ದ. ಎಲ್ರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ನಾನಾಗ ಚಿಕ್ಕವನು, ನಿಮ್ಮ ವಯಸ್ಸೇ. ನಾನೇ ಎದ್ದು ನಿಂತೆ. ಮಂಡಳಿ ಮುಂದೆ ಹೋಗಿ ಹೇಳ್ದೆ, ಇವರ ಕೈಯಿಂದ ಚಾಕು ಕಸ್ಕೊಳ್ಳಿ ಅಂತ. ನನ್ನ ಮಾವ ಆಗ್ಬೇಕು ಆತ, ಹೆಂಡತಿಯ ಸೋದರಮಾವ! ಮನೇಲಿ ಎರಡು ವರ್ಷ ನನ್ನ ಜೊತೆ ಯಾರೂ ಮಾತಾಡ್ಲಿಲ್ಲ. ಬಂಧುಬಳಗ ಎಲ್ಲಾ ಒಂದು ಕಡೆ, ನಾನೊಬ್ಬ ಒಂದು ಕಡೆ. ಆದ್ರೂ ನಾನು ಬಗ್ಲಿಲ್ಲ ಡಾಕ್ಟ್ರೇ. ಮೇಜಿನ ಮೇಲೆ ಮಲಗಿರೋ ಮನುಷ್ಯನಿಗೆ ಬಾಯಿ ಇಲ್ಲ, ಅವನ ಪರವಾಗಿ ಯಾರಾದ್ರೂ ಮಾತಾಡ್ಲೇಬೇಕು, ಹಾಗಂದಿದ್ದೆ ಆ ದಿನ. ಮಂಡಳಿಯವರು ಚಪ್ಪಾಳೆ ಹೊಡೆದ್ರು.

...ಹೂಂ. ನಿಟ್ಟುಸಿರು ಬಿಟ್ರಿ. ನೀವೂ ಅದನ್ನೇ ಮಾಡಿದ್ದು ಅಂತ ತಾನೆ? ಅಲ್ಲ. ಅದು ಬೇರೆ, ಇದು ಬೇರೆ. ಅವನು ಕುಡೀತಿದ್ದ.

ಆ ದರ್ಜಿ ಕೇಸಿನ ಬಗ್ಗೆ ನೀವು ಬರೆದ ವರದಿ ನಂಗೆ ಪೂರ್ತಿ ಗೊತ್ತು. ಗುಮಾಸ್ತನ ಕೈಲಿ ಎರಡು ಸಲ ಓದಿಸ್ಕೊಂಡೆ. ಯಾಕೆ, ನಾನೇ ಓದ್ಬೇಕಿತ್ತಾ? ಸೂಪರಿಂಟೆಂಡೆಂಟ್ ಆದ್ಮೇಲೆ ಅಷ್ಟೂ ಗತ್ತು ಬೇಡ್ವಾ? ಬೆಳಗ್ಗೆ ಹನ್ನೊಂದು ಗಂಟೆಗೆ ಅವನು ಬಂದು ಟಪಾಲು ಓದ್ತಾನೆ, ನಾನು ಕಣ್ಮುಚ್ಚಿ ಕೇಳ್ತೀನಿ, ಸಹಿ ಎಲ್ಲಿ ಅಂತ ಬೆರಳಿಟ್ಟು ತೋರಿಸ್ತಾನೆ. ಅದೊಂದು ಸುಖ. ನಿಮ್ಮ ಆ ಸಾಲು ಬಂದಾಗ ಮಾತ್ರ ದನಿ ತಗ್ಗಿಸ್ಕೊಂಡು ಓದಿದ. ‘ರಕ್ತ ಬರುತ್ತಿದೆ ಎಂದು ನಾನು ಮೂರು ಸಲ ಹೇಳಿದೆ. ಸೂಪರಿಂಟೆಂಡೆಂಟರು ಎಲ್ಲಿ ಎಂದು ಕೇಳಿದರು. ರಕ್ತ ಅವರ ಕೈ ಕೆಳಗೇ ಇತ್ತು.’ ಎಷ್ಟು ತಣ್ಣಗೆ ಬರೆದಿದ್ದೀರಮ್ಮಾ! ಅರಿವಳಿಕೆ ಕೊಡೋರಲ್ವಾ, ಸೂಜಿ ಚುಚ್ಚಿದ್ದೂ ಗೊತ್ತಾಗ್ಬಾರದು.

ಆ ದರ್ಜಿ ಸತ್ತದ್ದಕ್ಕೆ ನಂಗೆ ದುಃಖ ಇಲ್ಲ ಅಂದ್ಕೊಂಡ್ರಾ? ನನ್ನ ಅಂಗಿ ಹೊಲಿದವನು ಅವನು. ಪಿತ್ತಕೋಶದ ಕಲ್ಲು, ಮುಕ್ಕಾಲು ಗಂಟೆ ಕೆಲಸ, ನಿದ್ದೇಲೂ ಮಾಡ್ತೀನಿ ನಾನು. ರಕ್ತನಾಳ ಬಿಚ್ಕೊಳ್ತು. ಯಾವ ಸರ್ಜನ್‌ಗೆ ಬಿಚ್ಕೊಂಡಿಲ್ಲ? ಮೂರನೇ ದಿನಕ್ಕೆ ಹೋಗ್ಬಿಟ್ಟ. ನಾನು ‘ಎಲ್ಲಿ’ ಅಂದದ್ದು ನಿಜ. ಯಾಕಂದೆ? ಪಕ್ಕದಲ್ಲಿ ನಿಂತಿದ್ನಲ್ಲ ಆ ಹೊಸ ಸಹಾಯಕ, ಅವನಿಗೆ ಗೊತ್ತಾಗತ್ತಾ ಇಲ್ವಾ ಅಂತ ಪರೀಕ್ಷೆ ಮಾಡಿದ್ದು. ಮೇಷ್ಟ್ರು ಪ್ರಶ್ನೆ ಕೇಳಿದ್ರೆ ಮೇಷ್ಟ್ರಿಗೇ ಉತ್ತರ ಗೊತ್ತಿಲ್ಲ ಅಂತಾನಾ? ...ನೀವು ಪೆನ್ನು ಟಕಟಕ ಅನ್ನಿಸ್ಬೇಡಿ. ತಲೆ ನೋಯತ್ತೆ.

ಒಂದು ತಪ್ಪಾಯ್ತು, ಒಪ್ಕೋತೀನಿ. ದೊಡ್ಡ ಸಿಸ್ಟರ್ ಇದ್ದಿದ್ರೆ ಅದು ಆಗ್ತಿರ್ಲಿಲ್ಲ. ಆಕೆ ಅದರ ಹಿಂದಿನ ವಾರವಷ್ಟೇ ನಿವೃತ್ತಿ ಆಗಿದ್ಲಲ್ಲ. ಹತ್ತೊಂಬತ್ತು ವರ್ಷ ನನ್ನ ಮೇಜಿನ ಆಚೆ ಬದಿ ನಿಂತವಳು! ನಮಗೆ ಮಾತೇ ಬೇಡ. ನಾನು ಕೈ ಚಾಚಿದ್ರೆ ಬೇಕಾದ ಇಕ್ಕಳ ಅಂಗೈಲಿ ಇರ್ತಿತ್ತು. ಅವಳು ನನ್ನ ಮಣಿಕಟ್ಟಿನ ಮೇಲೆ ಬೆರಳಲ್ಲಿ ಒಂದು ಸಲ ತಟ್ಟಿದ್ರೆ ನಿಲ್ಲಿ ಅಂತ. ಎರಡು ಸಲ ತಟ್ಟಿದ್ರೆ ಎಡಕ್ಕೆ. ಒತ್ತಿ ಹಿಡಿದ್ರೆ ರಕ್ತ ಅಲ್ಲೇ ಇದೆ, ಬಟ್ಟೆ ಒತ್ತಿ ಅಂತ. ಯಾರೂ ಗಮನಿಸ್ತಿರ್ಲಿಲ್ಲ. ಹೊಸಬಳು ಇದಾಳೆ, ಪಾಪ, ಚೂಟಿ, ಆದ್ರೆ ಅವಳಿಗೆ ತಟ್ಟೋದು ಗೊತ್ತಿಲ್ಲ, ಬರೀ ಬಾಯಲ್ಲಿ ಸರ್ ಸರ್ ಅಂತಾಳೆ...

ಏನು ಕೇಳಿದ್ರಿ? ಯಾಕೆ ತಟ್ಬೇಕಿತ್ತು ಅಂತಾನಾ?

ಅಭ್ಯಾಸ. ಅಷ್ಟೇ. ಹಳೇ ಗಂಡ ಹೆಂಡತಿ ಕತ್ತಲಲ್ಲಿ ಮಾತಾಡಲ್ವಾ, ಹಾಗೆ. ನೀವೆಲ್ಲಾ ಈಗ ಬಂದೋರು, ನಿಮಗೆ ಯಂತ್ರ ಬೇಕು, ಪರದೆ ಬೇಕು. ನಮ್ಮದು ಬೆರಳಿನ ವಿದ್ಯೆ. ಕಣ್ಣು ಕಟ್ಟಿ ಬಿಟ್ರೂ ಹೊಟ್ಟೆ ಒಳಗೆ ಯಾವುದು ಎಲ್ಲಿದೆ ಅಂತ ಹೇಳ್ತೀನಿ ನಾನು.

ವಯಸ್ಸಾದವರ ತಪಾಸಣೆ ಬಗ್ಗೆ ಬರೆದಿದ್ದೀರಿ, ಕೊನೇ ಪುಟದಲ್ಲಿ. ಅರವತ್ತು ದಾಟಿದ ಸರ್ಜನ್‌ಗಳು ವರ್ಷಕ್ಕೊಂದ್ಸಲ ಕಣ್ಣು, ಕೈ, ಹೃದಯ ತೋರಿಸ್ಬೇಕು ಅಂತ ನಿಯಮ ಇದೆ, ಈ ವರ್ಷದ ಕಡತದಲ್ಲಿ ನನ್ನ ಚೀಟಿ ಪೂರ್ತಿ ಇಲ್ಲ ಅಂತ. ಕೈ ಚೀಟಿ ಇದೆ. ಹೃದಯದ್ದೂ ಇದೆ, ಕುದುರೆ ಥರ ಓಡ್ತಿದೆ. ಇನ್ನೊಂದು ಯಾರು ಕೊಡ್ಬೇಕು ಹೇಳಿ? ಕಣ್ಣಿನ ಡಾಕ್ಟರೇ ಇಲ್ಲ ಆಸ್ಪತ್ರೇಲಿ. ಆಕೆ ಅನುಮತಿ ಮುಗಿದಿತ್ತು, ನವೀಕರಣ ಆಗ್ಲಿಲ್ಲ. ನಾನು ಶಿಫಾರಸು ಮಾಡ್ಲಿಲ್ಲ, ನಿಜ, ಅದಕ್ಕೆ ಬೇರೆ ಕಾರಣ ಇತ್ತು. ಆಕೆಗೆ ನಾಲಿಗೆ ಜಾಸ್ತಿ. ಒಂದ್ಸಲ ಕೋಣೇಲಿ ಕೂರಿಸ್ಕೊಂಡು ಟಾರ್ಚ್ ಬಿಟ್ಲು, ಬಿಟ್ಮೇಲೆ ಸುಮ್ನೆ ಇರ್ಬೇಕೋ ಬೇಡ್ವೋ? ಸರ್, ಇದನ್ನ ಮಂಡಳಿಗೆ ತಿಳಿಸ್ಬೇಕಾಗತ್ತೆ, ಅದೂ ಇದೂ... ಅವಳ ವಿಷಯ ಯಾಕೆ ತೆಗೆದ್ರಿ ಈಗ?

ನೀವು ತೆಗೀಲಿಲ್ವಾ?

ಹೌದಾ. ನಾನೇ ಅಂದ್ನಾ. ಹೋಗ್ಲಿ ಬಿಡಿ. ಮಾತಿಗೆ ಮಾತು ಬಂತು.

ಆಯ್ತು, ಸಹಿ ವಿಷಯಕ್ಕೆ ಬನ್ನಿ. ಹಾವೂ ಸಾಯ್ಬೇಕು ಕೋಲೂ ಮುರೀಬಾರದು, ಅದಕ್ಕೆ ಎಡಗಡೆ ಕಾಗದ. ನೀವಾಗೇ ಹೋದ್ರೆ ಕಾರಣ ಬೇಡ, ವಿಚಾರಣೆ ಬೇಡ, ನಿಮ್ಮ ವರದಿ ಕಡತದಲ್ಲೇ ಮಲಗತ್ತೆ. ಬಲಗಡೆದಕ್ಕೆ ನಾನು ಸಹಿ ಹಾಕಿದ್ರೆ? ‘ರೋಗಿಗಳಿಗೆ ಅಪಾಯಕಾರಿ.’ ಆ ಎರಡು ಪದ ನಿಮ್ಮ ಹಿಂದೆ ಹಿಂದೆ ಬರತ್ತೆ. ಎಲ್ಲಿಗೆ ಅರ್ಜಿ ಹಾಕಿದ್ರೂ ಅವರು ಮೊದಲು ನಮಗೆ ಬರೀತಾರೆ, ಯಾಕೆ ತೆಗೆದ್ರಿ ಇವರನ್ನ ಅಂತ. ನಾವು ಉತ್ತರ ಕೊಡ್ಬೇಕು, ಅದೂ ನಿಯಮ. ಆಮೇಲೆ ನೀವು ಹಲ್ಲು ಕೀಳೋರ ಅಂಗಡೀಲೂ ಸೂಜಿ ಹಿಡಿಯೋ ಹಾಗಿಲ್ಲ. ಹೆದರಿಸ್ತಿಲ್ಲಮ್ಮಾ, ಇರೋದು ಹೇಳ್ತಿದೀನಿ. ಆರು ವರ್ಷ ಇಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದೀರಿ, ನಿಮ್ಮ ಕೈಲಿ ಒಂದೇ ಒಂದು ಕೇಸ್ ಕೆಟ್ಟಿಲ್ಲ. ಅದು ನಂಗೆ ಗೊತ್ತಿಲ್ವಾ? ಗೊತ್ತು. ಆದ್ರೂ ಬರೀತೀನಿ.

ತಡೀರಿ. ಫೋನು.

ಹಲೋ? ...ಹಾಂ, ಥಿಯೇಟರಾ, ಹೇಳಮ್ಮ ಸಿಸ್ಟರ್. ಬಂದ್ಳಾ ಹುಡುಗಿ? ಹೆದರ್ಕೊಂಡಿದ್ದಾಳಾ? ಹೆದರ್ಬೇಡ ಅಂತ ಹೇಳು. ಎರಡು ಗಂಟೆಗೆ ಶುರು, ನಾನು ಬರೋವರ್ಗೂ ಏನೂ ಮಾಡ್ಬೇಡಿ, ಸೂಜಿ ಕೂಡ ಬೇಡ... ಅರಿವಳಿಕೆ ಯಾರು ಅಂದ್ರೆ? ಮೇಡಂ ಅಲ್ಲ, ಮೇಡಂ ಇವತ್ತು ಬರಲ್ಲ. ಆ ಇನ್ನೊಬ್ಬನ್ನ ಕರೆಸು, ಬಾಯಿ ಸತ್ತವನು, ಹಾಂ, ಅವನೇ. ಮತ್ತೆ ಕೇಳು, ದೀಪ ಎರಡೂ ಹಾಕಿಡು. ದೊಡ್ಡದರ ಜೊತೆ ಪಕ್ಕದ್ದೂ. ಅದು ಬಿಸಿ ಆಗತ್ತೆ ಅಂತ ನಂಗೂ ಗೊತ್ತಮ್ಮ, ಹಾಕಿಡು! ಕುತ್ತಿಗೆ ಕೇಸು, ಬೆಳಕು ಜಾಸ್ತಿ ಬೇಕು. ಆ ಇಕ್ಕಳಗಳನ್ನ ನಿನ್ನೆ ಹೇಳಿದ ಕ್ರಮದಲ್ಲೇ ಜೋಡ್ಸು, ಬಲದಿಂದ ಎಡಕ್ಕೆ. ಇನ್ನೊಂದ್ಸಲ ಹೇಳು ನೋಡೋಣ... ಹೂಂ... ಹೂಂ... ಅಲ್ಲ, ಚಿಕ್ಕದು ಮೂರನೇದು. ಮೂರನೇದು! ಹೂಂ. ಇಡ್ತೀನಿ.

ಬಾಗಿಲು ಶಬ್ದ ಆಯ್ತಲ್ಲ? ...ಗಾಳಿ ಇರ್ಬೇಕು. ಈ ಕಾರಿಡಾರ್ ಕಿಟಕಿ ಯಾರೂ ಹಾಕಲ್ಲ.

ನೋಡಿದ್ರಾ, ಒಂದು ಕೇಸ್ ಹಿಂದೆ ಎಷ್ಟು ತಲೆ ಕೆಡಿಸ್ಕೊಳ್ತೀನಿ ಅಂತ. ನಮ್ಮ ಲಿಫ್ಟಣ್ಣನ ಮಗಳು. ಹೌದು, ಲಿಫ್ಟ್ ಓಡಿಸ್ತಾನಲ್ಲ ಅವನದ್ದೇ. ಹತ್ತೊಂಬತ್ತು ವರ್ಷ, ಟೀಚರ್ ಟ್ರೈನಿಂಗ್ ಓದ್ತಿದ್ದಾಳೆ. ಥೈರಾಯ್ಡ್ ಗಡ್ಡೆ, ನಿಂಬೆಹಣ್ಣಿನಷ್ಟು. ನಾನು ಬೇರೆ ಯಾರಿಗಾದ್ರೂ ಕೊಡ್ಬಹುದಿತ್ತು, ಆ ಚಿಕ್ಕ ಸರ್ಜನ್ ಬಾಯಿ ಬಿಟ್ಕೊಂಡು ಕಾಯ್ತಿದ್ದಾನೆ. ಆದ್ರೆ ಲಿಫ್ಟಣ್ಣ ಕಾಲಿಗೆ ಬಿದ್ದ. ‘ಸಾಹೇಬ್ರೇ, ನಿಮ್ಮ ಕೈಯಾರೆ ಮಾಡಿ.’ ನಿಮ್ಮ ಕೈಯಾರೆ! ಇಪ್ಪತ್ತು ವರ್ಷದಿಂದ ನನ್ನನ್ನ ಮೇಲೆ ಕೆಳಗೆ ಹೊತ್ಕೊಂಡು ಓಡಾಡಿದವನು. ಅವನಿಗೆ ಇಲ್ಲ ಅನ್ನೋದು ಹೇಗೆ?

ತಲೆ ಆಡಿಸ್ಬೇಡಿ ಹಾಗೆ. ನೀವೇನು ಯೋಚಿಸ್ತಿದ್ದೀರಿ ಅಂತ ನಿಮ್ಮ ಮುಖದಲ್ಲೇ ಬರೆದಿದೆ.

ಮಾತು ನಿಲ್ಲಿಸ್ಬಿಟ್ರಿ ಯಾಕೆ? ಆಗಿಂದ ಒಂದಕ್ಕೊಂದು ಉತ್ತರ ಕೊಡ್ತಿದ್ರಿ. ಒಳ್ಳೇದು. ಮಾತು ಬೆಳ್ಳಿ, ಮೌನ ಬಂಗಾರ. ಮೂರು ವಾರದ ಹಿಂದೇನೇ ಈ ಬಂಗಾರ ಹಾಕ್ಕೊಂಡಿದ್ರೆ ಇಷ್ಟೆಲ್ಲಾ ರಾಮಾಯಣ ಇರ್ತಿರ್ಲಿಲ್ಲ.

ಅಳ್ತಿದ್ದೀರಾ? ಅಳ್ಬೇಡಿ. ಕಣ್ಣೊರೆಸ್ಕೊಳ್ಳಿ. ನನ್ನ ಮಗಳ ವಯಸ್ಸು ನಿಮ್ದು. ನೋಡಮ್ಮಾ, ನಾನು ಕೆಟ್ಟವನಲ್ಲ. ಇನ್ನು ನಾಲ್ಕು ತಿಂಗಳು, ಅಷ್ಟೇ. ನಾಲ್ಕು ತಿಂಗಳಾದ್ಮೇಲೆ ನಾನೂ ಹೂವಿನ ಹಾರ ಹಾಕಿಸ್ಕೊಂಡು ಹೋಗ್ತೀನಿ. ಆಮೇಲೆ ನೀವು ವಾಪಸ್ ಅರ್ಜಿ ಹಾಕಿ, ಹೊಸ ಸೂಪರಿಂಟೆಂಡೆಂಟ್‌ಗೆ ನಾನೇ ಒಂದು ಮಾತು ಹೇಳ್ತೀನಿ. ನಾಲ್ಕು ತಿಂಗಳು ಮನೇಲಿರಿ. ಮಗೂಗೆ ಕತೆ ಹೇಳಿ. ನನ್ನನ್ನ ಮಾತ್ರ ಈಗ ಇಳಿಸ್ಬೇಡಿ. ಥಿಯೇಟರ್ ಬಿಟ್ರೆ ನಾನ್ಯಾರು ಡಾಕ್ಟ್ರೇ? ಹೆಂಡತಿ ಹೋದ ದಿನಾನೂ ಮಧ್ಯಾಹ್ನ ಕೇಸ್ ಮಾಡಿದವನು ನಾನು. ಈ ಮೇಜಿನ ಹಿಂದೆ ಕೂತು ರಜಾ ಚೀಟಿಗೆ ಸಹಿ ಹಾಕ್ಕೊಂಡು ದಿನ ಕಳೀಬೇಕಾ? ಕೈ ತೊಳ್ಕೊಂಡು ಒಳಗೆ ಹೋದಾಗ ಎಲ್ರೂ ಎದ್ದು ನಿಲ್ತಾರಲ್ಲ, ಆ ಒಂದು ಗಳಿಗೆ... ಅದಕ್ಕೋಸ್ಕರ ನಾನು ಬೆಳಗ್ಗೆ ಎದ್ದೇಳೋದು. ನಿಮ್ಮ ಹತ್ರ ಮುಚ್ಚುಮರೆ ಏನು.

ಹುಡುಗಿಗೆ ಏನಾಗತ್ತೆ ಅಂತ ತಾನೆ ನಿಮ್ಮ ಚಿಂತೆ? ಏನಾಗತ್ತೆ? ಆ ಕುತ್ತಿಗೆ ನಾನು ನಿನ್ನೆ ಮುಟ್ಟಿ ನೋಡಿದೀನಿ, ಗಡ್ಡೆ ಬೆರಳಿಗೆ ನೀಟಾಗಿ ಸಿಗತ್ತೆ. ಅದರ ಹಿಂದೆ ದನಿಯ ನರ ಇರತ್ತೆ. ಗೊತ್ತು. ದಾರದಷ್ಟು ಸಣ್ಣದು. ಗೊತ್ತು! ಅದನ್ನ ಬೆರಳಿಂದ ಹುಡುಕಕ್ಕಾಗಲ್ಲ ಅಂತೀರಿ. ಎಲ್ರೂ ಹಾಗೇ ಅಂತಾರೆ. ಅಕಸ್ಮಾತ್ ತಾಗಿತು ಅಂತಾನೇ ಇಟ್ಕೊಳ್ಳಿ. ದನಿ ಹೋಗತ್ತೆ, ಅಥವಾ ಅರ್ಧ ಹೋಗತ್ತೆ. ನೂರರಲ್ಲಿ ಒಂದಕ್ಕೆ ಹೀಗಾಗ್ಬಹುದು ಅಂತ ಒಪ್ಪಿಗೆ ಪತ್ರದಲ್ಲೇ ಅಚ್ಚಾಗಿದೆ. ಲಿಫ್ಟಣ್ಣ ಸಹಿ ಮಾಡಿದ್ದಾನೆ. ಓದ್ಲೂ ಇಲ್ಲ ಅವನು. ಬೆರಳಿಟ್ಟ ಕಡೆ ಗೀಚಿದ, ಕೈ ಮುಗಿದ. ನಾಳೆ ಆ ಹುಡುಗಿ ಮಾತಾಡದೇ ಹೋದ್ರೂ ಅವನು ಬಂದು ನನ್ನ ಕೈ ಹಿಡ್ಕೊಂಡು, ‘ನೀವಾಗಿದ್ದಕ್ಕೆ ಜೀವ ಉಳೀತು ಸಾಹೇಬ್ರೇ’ ಅಂತಾನೆ. ಬರೆದಿಟ್ಕೊಳ್ಳಿ. ಅಂಥವರು ಪ್ರಶ್ನೆ ಕೇಳಲ್ಲ ಡಾಕ್ಟ್ರೇ. ಕೇಳೋರು ನೀವೊಬ್ಬರೇ. ಅದಕ್ಕೇ ಈ ಕಾಗದ.

ಯಾಕೆ ಹಾಗೆ ನೋಡ್ತೀರಾ? ಬೇಲೀನೇ ಎದ್ದು ಹೊಲ ಮೇಯ್ತು ಅಂತ ತಾನೆ? ಅನ್ನಿ, ಬಾಯಿ ಬಿಟ್ಟು ಅನ್ನಿ, ನಂಗೇನೂ ಬೇಜಾರಿಲ್ಲ.

ಅನ್ನಲ್ಲ. ಸರಿ.

ಸರಿ, ತಗೊಳ್ಳಿ ಪೆನ್ನು. ಎಡಗಡೆದು, ಕೆಳಗೆ, ಗುಮಾಸ್ತ ಪೆನ್ಸಿಲಲ್ಲಿ ಗೆರೆ ಹಾಕಿದ್ದಾನೆ, ಅದರ ಮೇಲೆ. ತಗೊಳ್ಳಿ. ...ಚಾಚಿದ ಕೈ ಎಷ್ಟು ಹೊತ್ತು ಹಾಗೇ ಇರ್ಬೇಕಮ್ಮಾ? ತಗೊಳ್ಳಿ ಅಂದೆ. ಹಟ ಬೇಡ. ಕೈ ಸೋಲ್ತಿದೆ ನಂದು. ನಾನು ಸೂಪರಿಂಟೆಂಡೆಂಟ್, ಎದ್ದು ಬಂದು ನಿಮ್ಮ ಕೈಗೆ ಪೆನ್ನು ತುರುಕ್ಬೇಕಾ? ಹಾಗಿದ್ರೆ ಹಾಗೇ ಆಗ್ಲಿ, ಬರ್ತೀನಿ, ತಗೊಳ್ಳಿ, ಬಂದೆ. ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹಾಗೆ ಕೈ ಹಿಡಿದು ಸಹಿ ಮಾಡಿಸ್ತೀನಿ, ಎಲ್ಲಿ, ಕೊಡಿ ಕೈ...

ಇದೇನಿದು?

ಬಟ್ಟೆ. ...ತೋಳು. ಒಳಗೆ ಏನೂ ಇಲ್ಲ.

ಕೋಟು ಇದು. ಕುರ್ಚಿಗೆ ಹಾಕಿರೋ ಕೋಟು. ಡಾಕ್ಟ್ರೇ? ಬೆಳ್ಳಗೆ ಕಾಣ್ತಿತ್ತಲ್ಲ... ಇಲ್ಲೇ ಬೆಳ್ಳಗೆ ಕೂತಿದ್ರಲ್ಲ ನೀವು. ಎಷ್ಟು ಹೊತ್ತಾಯ್ತು? ಫೋನ್ ಬಂದಾಗಲಾ? ಆಗ್ಲಿಂದ ನಾನು ಈ ಕೋಟಿನ ಜೊತೆ... ಅಳ್ಬೇಡಿ ಅಂತ ಬೇರೆ ಹೇಳ್ದೆ ಇದಕ್ಕೆ!

ಹೊರಟು ಹೋದ್ರಾ? ಹೋಗಿದ್ರೆ ಒಳ್ಳೇದು. ಹೋದ್ರಿ ತಾನೆ? ಕೋಣೇಲಿ ಯಾರೂ ಇಲ್ಲ ತಾನೆ?

...ಇದೀರಿ. ಬಾಗಿಲ ಹತ್ರ. ಉಸಿರು ಕೇಳಿಸ್ತಿದೆ.

ಎರಡು ಉಸಿರಿದೆ.

ಯಾರದು ಇನ್ನೊಬ್ರು? ಮಂಡಳಿಯವರಾ? ಅಧ್ಯಕ್ಷರೇ, ನೀವಾ? ಬನ್ನಿ, ಒಳಗೆ ಬನ್ನಿ, ಸ್ವಲ್ಪ ತಮಾಷೆ ಮಾಡ್ತಿದ್ವಿ ನಾವು... ಅಲ್ಲ. ನೀವಲ್ಲ. ನಿಮ್ಮ ಉಸಿರಾಟ ಹಾಗಿಲ್ಲ. ಇದು ಬಾಯಲ್ಲಿ ಬಿಡೋ ಉಸಿರು. ಮೂಗು ಕಟ್ಟಿದವರ ಹಾಗೆ. ಅತ್ತವರ ಹಾಗೆ.

ಲಿಫ್ಟಣ್ಣ?

ಲಿಫ್ಟಣ್ಣಾ, ನೀನೇನಪ್ಪಾ? ಮಾತಾಡು. ಡಾಕ್ಟರಮ್ಮ ಕರ್ಕೊಂಡು ಬಂದ್ರಾ ನಿನ್ನನ್ನ? ಇಷ್ಟೊತ್ತು ಇಲ್ಲೇ ನಿಂತಿದ್ಯಾ? ನೋಡು, ಆ ನೂರರಲ್ಲಿ ಒಂದು ಅಂದದ್ದು... ಅದು ಡಾಕ್ಟರುಗಳು ತಮ್ಮತಮ್ಮಲ್ಲಿ ಆಡೋ ಮಾತು. ನಿನ್ನ ಮಗಳು ಅಂದ್ರೆ ನನ್ನ ಮಗಳಿದ್ದ ಹಾಗೆ. ನಂಬಿಕೆ ಇಲ್ವಾ ನನ್ನ ಮೇಲೆ? ಇಪ್ಪತ್ತು ವರ್ಷ! ನನ್ನ ಮುಖ ನೋಡಿ ಹೇಳು. ಇಲ್ಲಿ, ಇತ್ತ ಕಡೆ... ಆ ಕಡೆಯಿದ್ದೀಯಾ? ಚಪ್ಪಲಿ ಸದ್ದು ಆ ಕಡೆ ಬಂತು. ಹತ್ರ ಬರ್ತಿದ್ದೀಯಾ? ಹೊಡಿಯಕ್ಕಾ? ಹೊಡಿ. ಅದಕ್ಕಾದ್ರೂ ಒಂದು ಮಾತಾಡಿ ಹೊಡಿ.

ಒಂದು ಸಲ ಸಾಹೇಬ್ರೇ ಅನ್ನು.

ಅನ್ನಲ್ಲ ನೀನು.

...ಹನ್ನೊಂದು ತಿಂಗಳಾಯ್ತಪ್ಪಾ. ಮೊದ್ಲು ಅಕ್ಷರ ಹೋಯ್ತು. ಆಮೇಲೆ ಮುಖಗಳು. ಪಕ್ಕದಲ್ಲಿ ಅಷ್ಟಿಷ್ಟು ಉಳಿದಿದೆ, ನೇರ ನೋಡಿದ್ರೆ ನಡುವೆ ಬೂದಿ. ನಿನ್ನ ಮಗಳ ಮುಖ ನಾನು ನೋಡೇ ಇಲ್ಲ. ನಿನ್ನೆ ಕುತ್ತಿಗೆ ಮುಟ್ಟಿದಾಗ ಅವಳು ನಕ್ಳು, ಕಚಗುಳಿ ಆಗತ್ತೆ ಅಂತ. ಅಷ್ಟು ಗೊತ್ತು ನಂಗೆ ಅವಳ ವಿಷಯ. ದನಿ ಚೆನ್ನಾಗಿದೆ.

ಕರ್ಕೊಂಡು ಹೋಗು ಅವಳನ್ನ. ಇವತ್ತು ಬೇಡ. ನನ್ನ ಕೈಲಿ ಬೇಡ. ಥಿಯೇಟರ್‌ಗೆ ಹೇಳ್ಬೇಕು, ಅವರು ಕಾಯ್ತಿರ್ತಾರೆ... ಫೋನೆಲ್ಲಿ? ಮೇಜಿನ ಆ ಬದಿ ಕೂತಾಗ ಬಲಗೈಗೆ ಸಿಗತ್ತೆ, ಈ ಬದಿಯಿಂದ... ಡಾಕ್ಟ್ರೇ, ಒಳಗೆ ಬನ್ನಿ. ನಂಬರ್ ನೀವೇ ಒತ್ತಿ. ನಂಗೆ ಕಾಣ್ಸಲ್ಲ.